ಪಟ್ಟಿ ಬಿಚ್ಚಿದ ಶನಿವಾರಗಳು

ಜನವರಿ 11, ಶನಿವಾರ

‘ಹೊಗೆಗೆ ನೆರಳಿಲ್ಲ’... ಅಲ್ಲ, ‘ಹೊಗೆಗೆ ನೆರಳಿನ ಹಂಗಿಲ್ಲ’ ಅಂತಿತ್ತೇನೋ. ಎಂ.ಎ. ಓದುವಾಗ ಯಾರ ಬಾಯಲ್ಲೋ ಕೇಳಿದ ಸಾಲು. ಮುಂದಿನದು ಮರೆತುಹೋಗಿದೆ. ಹೋಗಲಿ, ಸಾಲೇ ಸುಳ್ಳು. ಇವತ್ತು ಕೂತು ನೋಡಿದೆ. ಸಿಗಾರ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ದೀಪದ ಎದುರು ಗೋಡೆಯ ಮೇಲೆ, ಹೊಗೆಯ ನೆರಳು ಚೆನ್ನಾಗಿಯೇ ಹತ್ತುತ್ತಿತ್ತು. ಬರೆದವರು ಸುಮ್ಮನೆ ಕೂತು ಹೊಗೆ ನೋಡಿದವರಲ್ಲ.

ನಾಲ್ವರೇ. ಅಂಗಡಿಯವರು, ಹಲ್ಲಿನ ಡಾಕ್ಟ್ರು, ಚೀಫ್, ನಾನು. ಎರಡು ವಾರಕ್ಕೊಂದು ಶನಿವಾರ, ಸಂಜೆ. ಅಂಗಡಿಯವರು ಒಳಗೆ ಹೋಗಿ ಸಿಗಾರುಗಳ ಮೇಲಿನ ಹೆಸರಿನ ಕಾಗದದ ಪಟ್ಟಿ ಬಿಚ್ಚಿ, ಬರೀ ಮೈಯಲ್ಲಿ ತಂದು ಕೊಡುತ್ತಾರೆ. ಎಲ್ಲರಿಗೂ ಒಂದೇ ಜಾತಿಯದು. ಕ್ಯೂಬಾದ್ದೋ ಅಲ್ಲವೋ, ಹೇಳಬೇಕು. ಹಿರಿಯರು ಮೊದಲು. ಹಿರಿಯರೆಂದರೆ ಚೀಫ್. ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಿದ್ದವರು. ನಿವೃತ್ತಿಯಾದರೂ ಹೆಸರು ಇಳಿದಿಲ್ಲ. ಅವರ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಬೆಳೆ — ಕ್ಯೂಬಾ, ಮತ್ತೆ ಹುಲ್ಲು.

“ಇದು ಅಲ್ಲ,” ಅಂದರು. “ನಾಲಿಗೆ ತುದಿ ಉರೀತಿದೆ. ಮೆಣಸು. ನಿಕರಾಗುವಾ ದೇಶದ್ದು.”

ಸರಿಯೇ ಆಗಿತ್ತು. ಡಾಕ್ಟ್ರಿಗೆ ಉರಿಯಿತು. “ಉರೀತಿದೆ ಅಂತ ಬೈತೀರಲ್ಲ ಚೀಫ್, ಜೀವ ಇದೆ ಅಂತ ಅರ್ಥ ಅದು! ನಿಮ್ಮ ಕ್ಯೂಬಾನ ಎಳೆದೂ ಎಳೆದೂ ನನ್ನ ಕೆನ್ನೆ ಒಳಗೆ ಹೋಗಿದೆ. ಹೆಸರಿಗೆ ದುಡ್ಡು ಕೊಡೋ ಜನ ನೀವು.”

“ನೀವು ಹಲ್ಲು ನೋಡ್ಕೊಳ್ರಿ. ಮೂಗು ನಂಗೆ ಬಿಡಿ.”

ಹೀಗೇ ಎರಡು ಗಂಟೆ. ನಾನು ಹೆಚ್ಚು ಮಾತಾಡುವುದಿಲ್ಲ. ಕವಿತೆ ಓದುವವರು ಈ ಊರಲ್ಲಿ ಒಬ್ಬರೂ ಸಿಗಲಿಲ್ಲ. ಉಪಮೆಗಾಗಿ ಒದ್ದಾಡುವವರು ಸಿಕ್ಕರು. ‘ಹಳೇ ಬೀರು ತೆಗೆದ ಹಾಗೆ’, ‘ಬೆಚ್ಚಗಿನ ಚರ್ಮದ ಚಪ್ಪಲಿ’. ಸಾಕು ನನಗೆ.

ಜನವರಿ 13

ಔಷಧದ ಡಬ್ಬಿಯೊಳಗಿನ ಚೀಟಿಗಳ ಪ್ರೂಫ್ ತಿದ್ದುವ ಕೆಲಸ. ಅಕ್ಷರ ಇರುವೆ ಗಾತ್ರ. ದಿನವಿಡೀ ‘ವಾಂತಿ, ತಲೆಸುತ್ತು, ಬಾಯಿ ಒಣಗುವುದು’.

ತಂಗಿ ಫೋನ್ ಮಾಡಿದ್ದಳು. “ಅಕ್ಕಾ, ಇನ್ನೂ ಹೋಗ್ತಿದೀಯಾ ಆ ಹೊಗೆ ಸಂಘಕ್ಕೆ? ಮೂರು ಜನ ಗಂಡಸರ ಮಧ್ಯೆ ಕೂತು ಸಿಗಾರ್ ಸೇದ್ತೀಯ ಅಂದ್ರೆ ಇವರ ಮನೆಯವರು ಮೂಗಿನ ಮೇಲೆ ಬೆರಳಿಡ್ತಾರೆ ಕಣೆ.”

“ಇಡ್ಲಿ ಬಿಡು. ವಾಸನೆನಾದ್ರೂ ತಪ್ಪುತ್ತೆ.”

ನಕ್ಕಳು. ಆಮೇಲೆ ಕುಕ್ಕರ್ ಕೂಗಿತು, ಅವಳ ಕಡೆ. ಇಟ್ಟಳು. ನನ್ನ ಕಡೆ ಏನೂ ಕೂಗಲಿಲ್ಲ.

ಜನವರಿ 25, ಶನಿವಾರ

ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಬರೆದು ನೋಡುತ್ತೇನೆ.

ಡಾಕ್ಟ್ರು ವಿದೇಶಕ್ಕೆ ಹೋಗಿ ಬಂದಿದ್ದರು. ಚೀಫ್‌ಗಾಗಿಯೇ, ವೈರಿಗಾಗಿಯೇ, ನಾಲ್ಕು ಕ್ಯೂಬಾ ಸಿಗಾರ್ ತಂದಿದ್ದರು. ಅಷ್ಟು ಪ್ರೀತಿ. ತಂದದ್ದು ಮಾತ್ರ ಸೂಟ್‌ಕೇಸಿನಲ್ಲಿ, ಹೆಂಡತಿಗೆ ಕೊಂಡ ಸಾಬೂನುಗಳ ಜೊತೆ! ಸಿಗಾರ್ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಕುಡಿದುಬಿಡುತ್ತದೆ. ವರ್ಷಗಟ್ಟಲೆ ಸೇದಿದವರಿಗೆ ಇದನ್ನು ಹೇಳಿಕೊಡಬೇಕಾ?

ಹಚ್ಚಿದೆವು. ಎರಡು ದಮ್ಮಿಗೆ ಅಂಗಡಿಯವರು ಕೆಮ್ಮತೊಡಗಿದರು. ಡಾಕ್ಟ್ರ ಮುಖ ಹುಳ್ಳಗಾಯಿತು. ಬಾಯಿ ತುಂಬಾ ಬಚ್ಚಲುಮನೆ. ಗುಲಾಬಿ ಸಾಬೂನು. ಇನ್ನೇನು ಎಲ್ಲರೂ ಒಟ್ಟಿಗೆ ನಗಬೇಕು —

ಚೀಫ್ ಕಣ್ಣು ಮುಚ್ಚಿ ಸೇದುತ್ತಿದ್ದರು. “ಆಹಾ. ಒದ್ದೆ ಮಣ್ಣು. ಹಳೇ ಮರದ ಪೆಟ್ಟಿಗೆ. ಇದು ರೀ ಕ್ಯೂಬಾ.”

ಡಾಕ್ಟ್ರು ಅಂಗಡಿಯವರನ್ನು ನೋಡಿದರು. ಅಂಗಡಿಯವರು ನನ್ನನ್ನು. ಕೋಣೆಯಲ್ಲಿ ನಗು ಅರ್ಧಕ್ಕೆ ನಿಂತಿತ್ತು. ಅದು ಯಾರ ಮೇಲೆ ಬೀಳುತ್ತದೆಂದು ಗೊತ್ತಾಯಿತು ನನಗೆ.

ಇಟ್ಟಿದ್ದ ನನ್ನದನ್ನು ಮತ್ತೆ ಕೈಗೆತ್ತಿಕೊಂಡೆ. “ಚೀಫ್ ಹೇಳೋದು ನಿಜ,” ಅಂದೆ. “ಮೊದಲು ಸ್ವಲ್ಪ ಸಾಬೂನು ಅನ್ಸುತ್ತೆ. ಆಮೇಲೆ ಹೋಗುತ್ತೆ. ಒಳಗಡೆ ಮಣ್ಣಿನ ರುಚಿ ಚೆನ್ನಾಗಿದೆ.”

“ಹೌದಾ ಮೇಡಂ?” ಅಂದರು ಡಾಕ್ಟ್ರು, ಇನ್ನೂ ನಂಬದೆ.

ಕೊನೆಯವರೆಗೂ ಸೇದಿದೆ. ಹೋಗಲಿಲ್ಲ ಸಾಬೂನು. ಈಗಲೂ ಗಂಟಲಲ್ಲಿದೆ.

ಬಸ್ ಸ್ಟಾಪಿನವರೆಗೆ ಚೀಫ್ ಜೊತೆಗೆ ಬಂದರು. ಎಂದೂ ಬಂದವರಲ್ಲ. ಬೆಂಚಿನ ಮೇಲೆ ಕೂತು, ರಸ್ತೆ ನೋಡುತ್ತ:

“ಸಾಬೂನು ಇತ್ತಾ ಅದ್ರಲ್ಲಿ?”

ಬಸ್ಸು ಬರುವ ಕಡೆ ನೋಡಿದೆ.

“ಆ ಜ್ವರ ಬಂತಲ್ಲ, ಅವಾಗಿಂದ ವಾಸನೆ ಹೋಗಿದೆ. ಪೂರ್ತಿ. ಖಾರ ಗೊತ್ತಾಗುತ್ತೆ, ಉರಿ ಗೊತ್ತಾಗುತ್ತೆ. ಉರಿದ್ರೆ ನಿಕರಾಗುವಾ ಅಂತೀನಿ, ಇಲ್ಲಾಂದ್ರೆ ಕ್ಯೂಬಾ. ನಡೀತಿತ್ತು. ಇವತ್ತು ಸಿಕ್ಕಿಬಿದ್ದೆ.”

“ಆಸ್ಪತ್ರೇಲಿ ತೋರಿಸಿದ್ರಾ?”

“ತೋರಿಸಿದ್ರೆ ಮಗಳಿಗೆ ಗೊತ್ತಾಗುತ್ತೆ. ಅವಳು ಬಂದು ಕರ್ಕೊಂಡು ಹೋಗ್ತಾಳೆ. ಅಲ್ಲಿ ಹೋಗಿ ಏನ್ ಮಾಡ್ಲಿ, ಅಳಿಯನ ಟಿವಿ ನೋಡ್ಲಾ? ಮೇಡಂ, ನಂಗೆ ಈ ಶನಿವಾರ ಬಿಟ್ರೆ ಬೇರೇನಿಲ್ಲ. ಅಂಗಡೀಲಿ ನಾನು ಅಂದ್ರೆ ಮೂಗು. ಮೂಗಿಲ್ಲ ಅಂದ್ರೆ ಒಬ್ಬ ಮುದುಕ. ಯಾರಿಗೂ ಹೇಳ್ಬೇಡಿ.”

ಹೇಳುವುದಿಲ್ಲ ಅಂದೆ. ಯೋಚಿಸಲೂ ಇಲ್ಲ.

ಜನವರಿ 28

‘ಅಡ್ಡ ಪರಿಣಾಮಗಳು: ಘ್ರಾಣಶಕ್ತಿ ನಷ್ಟ (ಅಪರೂಪ).’ ಇವತ್ತಿನ ಚೀಟಿಯಲ್ಲಿ. ಎಷ್ಟೋ ಸಲ ತಿದ್ದಿ ದಾಟಿದ ಪದ. ಇವತ್ತು ನಿಂತೆ. ಅಪರೂಪ ಅಂದರೆ ಯಾರೋ ಒಬ್ಬರು. ಆ ಒಬ್ಬರು ಸಂಜೆ ಏನು ಮಾಡುತ್ತಾರೆ ಅಂತ ಚೀಟಿಯಲ್ಲಿ ಇರುವುದಿಲ್ಲ.

ಫೆಬ್ರವರಿ 8, ಶನಿವಾರ

ಚೀಫ್‌ಗೆ ಗುಟ್ಟಾಗಿ ಸನ್ನೆ ಮಾಡುವ ಉಪಾಯ ನನ್ನದೇ. ಸಿಗಾರನ್ನು ಬೂದಿತಟ್ಟೆಯ ಎಡಗಡೆ ಇಟ್ಟರೆ ಕ್ಯೂಬಾ. ಬಲಗಡೆ ಇಟ್ಟರೆ ಅಲ್ಲ.

ಎಡಗಡೆ ಇಟ್ಟೆ. ಚೀಫ್ ಕಣ್ಣು ಮುಚ್ಚಿದರು, ತೆರೆದರು, ಇನ್ನೊಂದು ದಮ್ಮು ಎಳೆದರು. ಏನು ನಾಟಕ! “ಕ್ಯೂಬಾ,” ಅಂದರು, ತೀರ್ಪು ಕೊಡುವವರ ಹಾಗೆ. ಅಂಗಡಿಯವರು ಪಟ್ಟಿ ತಂದು ತೋರಿಸಿದರು. ಸರಿ. ಡಾಕ್ಟ್ರು ಎದ್ದು ಕೈ ಮುಗಿದರು. “ಹೋದ ಸಲ ಸಾಬೂನನ್ನು ಮಣ್ಣು ಅಂದವರು ಇವರೇನಾ?”

“ಸಾಬೂನು ತಂದವರು ನೀವು. ಅದರೊಳಗೆ ಕ್ಯೂಬಾ ಹುಡುಕಿದವನು ನಾನು.”

ಕೋಣೆ ತುಂಬಾ ನಗು. ನಾನೂ ಜೋರಾಗಿ ನಕ್ಕೆ. ಬಹಳ ದಿನವಾಗಿತ್ತು, ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. ನಾಲಿಗೆ ನನ್ನದು, ತೀರ್ಪು ಅವರದು, ಗುಟ್ಟು ಇಬ್ಬರದು. ಒಬ್ಬರ ಗುಟ್ಟಿನಲ್ಲಿ ಇಷ್ಟು ಬೆಚ್ಚಗೆ ಕೂರಬಹುದು ಅಂತ ಗೊತ್ತಿರಲಿಲ್ಲ.

ಫೆಬ್ರವರಿ 16, ಭಾನುವಾರ

ಫೋನ್. ಭಾನುವಾರ! ಔಷಧ ಕಂಪನಿಯವರು ಇರಬೇಕು ಅಂದುಕೊಂಡೆ. ಚೀಫ್.

“ಈಗ ನಿಮ್ಮ ಅಡುಗೆಮನೆ ಏನ್ ವಾಸನೆ ಬರ್ತಿದೆ ಹೇಳಿ.”

“ಯಾಕೆ?”

“ಸುಮ್ನೆ. ನನ್ನ ಮನೆ ಗಾಜಿನ ಮನೆ ಆಗಿಬಿಟ್ಟಿದೆ ಕಣ್ರೀ. ಎಲ್ಲ ಕಾಣುತ್ತೆ, ಏನೂ ಇಲ್ಲ. ಹಾಲು ಕೆಟ್ಟಿದ್ದು ಕುಡಿದ ಮೇಲೆ ಹೊಟ್ಟೆ ಹೇಳುತ್ತೆ.”

ಅಡುಗೆಮನೆಯ ನಡುವೆ ನಿಂತು ಹೇಳಿದೆ. ಒಣಗಿದ ನಿಂಬೆಸಿಪ್ಪೆ. ಒದ್ದೆ ಬಟ್ಟೆ. ಹೆಂಚಿಗೆ ಹತ್ತಿದ ಎಣ್ಣೆ, ನೆನ್ನೆಯದು. ಕಿಟಕಿಯಿಂದ ಯಾರದೋ ಇಸ್ತ್ರಿ — ಬಿಸಿ ಹತ್ತಿಯ ವಾಸನೆ. ಹೇಳುತ್ತ ಹೇಳುತ್ತ ನನ್ನ ಮನೆಯಲ್ಲಿ ಇಷ್ಟೆಲ್ಲ ಇದೆ ಅಂತ ನನಗೇ ಆಶ್ಚರ್ಯ. ಅವರು ಆ ಕಡೆಯಿಂದ “ಹ್ಞೂಂ... ಹ್ಞೂಂ...” ಅನ್ನುತ್ತಿದ್ದರು, ಕಥೆ ಕೇಳುವ ಮಗುವಿನ ಹಾಗೆ.

ಇಟ್ಟ ಮೇಲೆ ಆ ನಿಂಬೆಸಿಪ್ಪೆ ಎತ್ತಿ ಮತ್ತೆ ಮೂಸಿದೆ.

ಫೆಬ್ರವರಿ 22, ಶನಿವಾರ

ತಪ್ಪಿದೆ. ನಾನೇ ತಪ್ಪಿದೆ. ಡೊಮಿನಿಕನ್ ಸಿಗಾರ್, ಕ್ಯೂಬಾದ್ದಲ್ಲ, ಆದರೆ ಹಳೆಯದು, ಎಷ್ಟು ಮೆತ್ತಗಿತ್ತೆಂದರೆ ಕಣ್ಣು ಮುಚ್ಚಿ ಎಡಗಡೆ ಇಟ್ಟೆ. ಚೀಫ್ ಎದೆಯುಬ್ಬಿಸಿ, “ಕ್ಯೂಬಾ. ಸಂಶಯವೇ ಇಲ್ಲ.” ನಾನೂ ಅದನ್ನೇ ಹೇಳಿದೆ. ಹೇಳದೆ ಇರುವುದು ಹೇಗೆ?

“ಗುರು ಶಿಷ್ಯೆ ಇಬ್ರೂ ಒಂದೇ ಗುಂಡಿಗೆ!” ಡಾಕ್ಟ್ರು ಕುಣಿದರು. ಆಮೇಲೆ ಒಮ್ಮೆಲೇ ಕುಣಿತ ನಿಲ್ಲಿಸಿ ಬೂದಿತಟ್ಟೆಯನ್ನೇ ನೋಡಿದರು. “ಚೀಫ್, ನೀವು ಮೂಗಿಂದ ಸೇದ್ತೀರೋ ಕಣ್ಣಿಂದ ಸೇದ್ತೀರೋ?”

ಚೀಫ್ ತಟ್ಟನೆ ಕೈ ಹಿಂದೆ ತೆಗೆದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ನನ್ನದೂ ಅದೇ ಗತಿ, ತಟ್ಟೆಯನ್ನು ಸುಮ್ಮನೆ ಆಚೆ ಸರಿಸಿದೆ.

“ಮುಂದಿನ ಸಲ ಎಲ್ಲರೂ ಕಣ್ಣಿಗೆ ಬಟ್ಟೆ ಕಟ್ಕೊಳ್ಳೋಣ,” ಅಂದರು ಡಾಕ್ಟ್ರು, ನಗುತ್ತ. ನಗು ಕೆಟ್ಟದಲ್ಲ. ಆದರೆ ಅಂಗಡಿಯವರು ಒಪ್ಪಿಬಿಟ್ಟರು. ಹೊಸ ಬಗೆ, ಚೆನ್ನಾಗಿರುತ್ತೆ ಅಂತ.

ಮಾರ್ಚ್ 3

ಫೋನಿನಲ್ಲಿ ಜಗಳ. ನಾನೇ ಎತ್ತಿದ್ದು.

“ಡಾಕ್ಟ್ರಿಗೆ ಹೇಳೋಣ ಚೀಫ್. ಅವರು ಒಳ್ಳೆಯವರು. ನಾಲ್ಕು ದಿನ ಹಾಸ್ಯ ಮಾಡ್ತಾರೆ, ಅಷ್ಟೆ. ಗುರುತಿನ ಒಬ್ಬರಿಗೆ ತೋರಿಸ್ತಾರೆ. ನೀವು ಒಬ್ಬರೇ ಇರೋರು...”

“ಒಬ್ಬನೇ ಇರೋನು ಅಂತ ನೀವು ಹೇಳ್ತಿದೀರಾ? ನೀವು?”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ನಂಗೆ ಮೂಗಾಗಿರಿ ಅಂದೆ ಮೇಡಂ. ನರ್ಸ್ ಆಗಿ ಅನ್ನಲಿಲ್ಲ.”

ಇಟ್ಟರು. ಆಮೇಲೆ ಹೊಳೆಯಿತು — ಮೂಗಾಗಿರಿ ಅಂತಲೂ ಅವರು ಅಂದಿರಲಿಲ್ಲ. ಅದು ನಾನೇ ಹೋಗಿ ಕೂತ ಜಾಗ.

ಮಾರ್ಚ್ 8, ಶನಿವಾರ

ಚೀಫ್ ಬರಲಿಲ್ಲ. ನೆಗಡಿಯಂತೆ, ಅಂಗಡಿಗೆ ಫೋನ್ ಮಾಡಿ ಹೇಳಿದರಂತೆ.

ಕಣ್ಣಿಗೆ ಬಟ್ಟೆ ಕಟ್ಟಿ ಸೇದಿದೆವು. ಕತ್ತಲಲ್ಲಿ ಸಿಗಾರ್ ರುಚಿಯೇ ಅರ್ಧ, ಹೊಗೆ ಕಾಣದಿದ್ದರೆ ಸೇದಿದಂತೆ ಅನ್ನಿಸುವುದಿಲ್ಲ. ಕ್ಯೂಬಾ ಅಂದೆ. ಸರಿಯಾಗಿತ್ತು. ಒಬ್ಬಳೇ ಸರಿ. ಅಂಗಡಿಯವರು ಚಪ್ಪಾಳೆ ತಟ್ಟಿದರು, “ಅಕ್ಕಾವ್ರೇ ಇನ್ಮೇಲೆ ಹಿರಿಯರು!” ಚೀಫ್ ಕುರ್ಚಿ ಖಾಲಿ. ಅದರ ಕೈಯ ಮೇಲೆ ಬೆಂಕಿ ತಾಗಿದ ಹಳೇ ಕಲೆಗಳು.

ಹೊರಗೆ ಬರುವಾಗ ಡಾಕ್ಟ್ರು ತಡೆದರು. ಹಾಸ್ಯವಿರಲಿಲ್ಲ ಮುಖದಲ್ಲಿ.

“ಮೇಡಂ, ನಿಜ ಹೇಳಿ. ಚೀಫ್‌ಗೆ ವಾಸನೆ ಹೋಗಿದೆಯಾ? ಆ ಸಾಬೂನಿನ ದಿನದಿಂದ ನಂಗೆ ಅನುಮಾನ. ಹಾಗಿದ್ರೆ ಅವರ ಮಗಳಿಗೆ ಒಂದು ಫೋನ್ ಮಾಡ್ಬೇಕು. ಒಬ್ರೇ ಇರೋ ಮನೆ.”

ಎರಡು ಕ್ಷಣ ಇತ್ತು ನನ್ನ ಕೈಯಲ್ಲಿ. ಬಸ್ ಸ್ಟಾಪಿನ ಬೆಂಚು, ಕೊಟ್ಟ ಮಾತು... ಅಷ್ಟೇ ಅಲ್ಲ. ಮಗಳು ಕರೆದುಕೊಂಡು ಹೋದರೆ ಭಾನುವಾರ ಫೋನ್ ಬರುವುದಿಲ್ಲ. ಇದನ್ನೂ ಬರೆಯಬೇಕು, ಓದುವವರು ಯಾರೂ ಇಲ್ಲದಿದ್ದರೂ.

“ಇಲ್ಲಪ್ಪ,” ಅಂದೆ. “ನೆಗಡಿ ಅಷ್ಟೆ.”

“ನೀವು ಹೇಳಿದ್ರೆ ಸರಿ,” ಅಂದರು. ಹೋದರು. ನಂಬಿದರು.

ಮಾರ್ಚ್ 9, ಭಾನುವಾರ

ಫೋನಿಲ್ಲ.

ಮಾರ್ಚ್ 16, ಭಾನುವಾರ

ನಾನೇ ಮಾಡಿದೆ. ಎತ್ತಿಕೊಂಡರು. “ಚೆನ್ನಾಗಿದೀನಿ. ಓದ್ತಿದೀನಿ.” ಏನು ಓದುತ್ತಿದ್ದೀರಿ ಅಂದೆ. “ಹಳೇ ಪೇಪರು.” ಮುಂದಿನ ಶನಿವಾರ ಬನ್ನಿ, ಕಣ್ಣಿಗೆ ಬಟ್ಟೆ ಬೇಡ ಅಂತ ನಾನೇ ಹೇಳ್ತೀನಿ ಅಂದೆ. “ನೋಡೋಣ.” ಅಡುಗೆಮನೆಯ ವಾಸನೆ ಕೇಳಲಿಲ್ಲ. ಹೇಳಲು ಇವತ್ತು ಬೇಕಾದಷ್ಟಿತ್ತು. ಬೇಕೆಂದೇ ಬೆಣ್ಣೆ ಕಾಯಿಸಿದ್ದೆ, ಲವಂಗ ಹುರಿದಿದ್ದೆ.

ಮಾರ್ಚ್ 22, ಶನಿವಾರ, ಸಂಜೆ

ಅಂಗಡಿಗೆ ಹೋಗಲಿಲ್ಲ. ನೇರ ಚೀಫ್ ಮನೆಗೆ ಹೋದೆ. ಮೊದಲ ಸಲ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ: ಕೂತು ಮಾತಾಡೋಣ, ನಾನೇ ನಿಮ್ಮ ಮಗಳಿಗೆ ಹೇಳ್ತೀನಿ, ಕೋಪ ಮಾಡ್ಕೊಳ್ಳಿ ಪರವಾಗಿಲ್ಲ, ಫೋನ್ ಮಾತ್ರ ನಿಲ್ಲಿಸಬೇಡಿ.

ಎರಡನೇ ಮಹಡಿ. ಬಾಗಿಲ ಬೀಗ ಒಡೆದಿತ್ತು, ಹಗ್ಗದಿಂದ ಕಟ್ಟಿದ್ದರು. ಒಳಗಿನ ಕಿಟಕಿಗಳೆಲ್ಲ ತೆರೆದಿರಬೇಕು, ಬಾಗಿಲ ಸಂದಿಯಿಂದ ಗಾಳಿ ಬರುತ್ತಿತ್ತು. ಆ ಗಾಳಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ನನಗೆ ತಕ್ಷಣ ಗೊತ್ತಾಯಿತು. ಯಾರಿಗಾದರೂ ಗೊತ್ತಾಗುತ್ತದೆ. ಅಡುಗೆ ಗ್ಯಾಸ್.

ಎದುರು ಮನೆಯ ಹೆಂಗಸು ಬಾಗಿಲು ತೆರೆದು ನಿಂತರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಒಂದು ಮಾತೂ ತಿದ್ದದೆ.

“ಬೆಳಿಗ್ಗೆನೇ ಕರ್ಕೊಂಡು ಹೋದ್ರು ಆಸ್ಪತ್ರೆಗೆ. ಉಸಿರಿತ್ತು. ಮೆಟ್ಟಿಲ ತನಕ ನಾತ ಬರ್ತಿತ್ತು ಅಂತ ನಮ್ಮ ಯಜಮಾನ್ರು ಬೀಗ ಒಡೆದ್ರು. ಒಳಗೆ ನೋಡಿದ್ರೆ ಕುರ್ಚಿ ಮೇಲೆ ಪೇಪರ್ ಹಿಡ್ಕೊಂಡು ಕೂತಿದಾರೆ, ತಲೆ ವಾಲಿದೆ. ಎತ್ತುವಾಗ ಒಂದೇ ಮಾತು ಅಂದ್ರು, ‘ನಂಗೆ ವಾಸನೆ ಬರಲ್ಲ’ ಅಂತ. ಇಷ್ಟು ದಿನ ಎದುರಿಗೇ ಇದೀವಿ, ನಮಗೆ ಗೊತ್ತೇ ಇಲ್ಲ ನೋಡಿ. ಮಗಳು ಫೋನಲ್ಲಿ ಅಳ್ತಾ ಇದ್ಲು, ಯಾವಾಗಿಂದ ಹೀಗೆ, ಯಾರಿಗೂ ಹೇಳಿರ್ಲಿಲ್ವಾ ಅಂತ. ನಾನೇನ್ ಹೇಳ್ಲಿ? ಅಲ್ಲ ಕಣಮ್ಮ, ಅವರಿಗೆ ಹತ್ತಿರದವರು ಅಂತ ಯಾರಾದ್ರೂ ಇದ್ರಾ? ನಿಮಗೇನಾದ್ರೂ ಗೊತ್ತಾ?”