ರೋಷನನಿಗೆ ಕೇಳಿಸುತ್ತದೆ

ಬಿಜೈ, ಮಂಗಳೂರು
೨೭ ಜನವರಿ ೨೦೨೬

ಪ್ರೀತಿಯ ಮುಖೇಶಣ್ಣಾ,

ಹೇಗಿದ್ದಿ? ಬೆನ್ನುನೋವು ಕಡಿಮೆ ಆಯ್ತಾ, ಇಲ್ಲ ಮಸ್ಕತ್ತಿನ ಆ ಹೋಟೆಲಿನ ಮೂಟೆ ಎತ್ತುವ ಕೆಲಸ ಇನ್ನೂ ನೀನೇ ಮಾಡ್ತಿಯಾ? ಫೋನ್ ಬಿಟ್ಟು ಕಾಗದ ಬರೆದಿದ್ದಾಳೆ, ಇವಳಿಗೆ ಎಂತ ಆಯ್ತು ಎಂದು ಹೆದರಬೇಡ. ಕೆಟ್ಟ ಸುದ್ದಿ ಅಲ್ಲ. ಈ ಸಣ್ಣ ಮನೆಯಲ್ಲಿ ಎಲ್ಲಿ ನಿಂತು ಮಾತಾಡಿದರೂ ರೋಷನನ ಕೋಣೆಗೆ ಕೇಳುತ್ತದೆ, ಅದಕ್ಕೇ ಬರೆಯುವುದು.

ಸುರತ್ಕಲ್‌ನಲ್ಲಿ ಬೈಕಿನಿಂದ ಬಿದ್ದ ಮೇಲೆ ನಮ್ಮ ತಮ್ಮ ಕಣ್ಣು ಬಿಡುತ್ತಾನೆ, ಮುಚ್ಚುತ್ತಾನೆ, ಕರೆದರೆ ತಿರುಗುವುದಿಲ್ಲ. ನೀನೂ ನೋಡಿ ಹೋದದ್ದೇ. ಈ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರ್ ಅಶ್ಮಿತಾ ಎಂಬವರು ಹೊಸದಾಗಿ ಬಂದಿದ್ದರು, ಮೆದುಳಿನ ಸಂಶೋಧನೆ ಮಾಡುವವರು. ಹೀಗೆ ಮಲಗಿದವರಲ್ಲಿ ಕೆಲವರಿಗೆ ಒಳಗೆ ಎಚ್ಚರ ಇರುತ್ತದಂತೆ. ಹೊರದೇಶಗಳಲ್ಲಿ ಪರೀಕ್ಷೆ ಮಾಡಿದಾಗ ನಾಲ್ವರಲ್ಲಿ ಒಬ್ಬರ ಮೆದುಳು ಹೇಳಿದ ಮಾತಿಗೆ ಉತ್ತರ ಕೊಟ್ಟಿತಂತೆ. ರೋಷನನ ತಲೆಗೆ ವಯರುಗಳಿದ್ದ ಟೊಪ್ಪಿ ಹಾಕಿ, ಮನೆಮಾತಿನಲ್ಲಿ ಮನೆಯವರೇ ಹೇಳಿದರೆ ಒಳ್ಳೆಯದು ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿದರು. ಅವನ ವಾಲಿಬಾಲ್ ಹುಚ್ಚು ನಿನಗೆ ಗೊತ್ತುಂಟಲ್ಲ. ತುಳುವಿನಲ್ಲೇ ಹೇಳಿದೆ, ನೆಟ್ಟಿನ ಹತ್ತಿರ ಇದ್ದಿ, ಬಾಲ್ ಮೇಲೆ ಬಂತು, ಹೊಡಿ, ಮನಸ್ಸಿನಲ್ಲೇ ಹೊಡಿ ಎಂದು. ಮತ್ತೆ, ಸಾಕು, ಸುಮ್ಮನೆ ಮಲಗು ಎಂದು. ಹೇಳಿ ಹೇಳಿ ಗಂಟಲು ಒಣಗಿತು. ಅವನ ಒಂದು ಬೆರಳೂ ಅಲುಗಲಿಲ್ಲ. ಗೋಡೆಗೆ ಹೇಳಿದ ಹಾಗಾಯಿತು ಅಣ್ಣ.

ಆಮೇಲೆ ಡಾಕ್ಟರ್ ನನ್ನನ್ನು ಪುನಃ ಕರೆಸಿದರು. "ಕೂತ್ಕೊಳ್ಳಿ ದೀಕ್ಷಿತಾ. ನೀವು ಹೊಡಿ ಎಂದಾಗ ಅವರ ಮೆದುಳಿನಲ್ಲಿ ಕೈ ಆಡಿಸುವ ಜಾಗ ಕೆಲಸ ಮಾಡಿದೆ, ಸಾಕು ಎಂದಾಗ ನಿಲ್ಲಿಸಿದೆ. ಅವರಿಗೆ ಕೇಳ್ತಾ ಉಂಟು," ಎಂದರು. ಎದ್ದು ಕೂರುತ್ತಾನಾ ಎಂದು ಕೇಳಿದೆ. ಅದನ್ನು ಈಗ ಯಾರೂ ಹೇಳಲಿಕ್ಕೆ ಆಗುವುದಿಲ್ಲ, ಸುಳ್ಳು ಆಸೆ ಕೊಡುವುದಿಲ್ಲ ಎಂದರು.

ಖುಷಿಯಲ್ಲಿ ಮನೆಗೆ ಓಡಿ ಬಂದವಳು ಅವನ ಕೋಣೆಯ ಬಾಗಿಲಲ್ಲಿ ನಿಂತೇಬಿಟ್ಟೆ. ಇಷ್ಟು ದಿನ ಮೈ ಒರೆಸುವಾಗ, ಮಗ್ಗುಲು ತಿರುಗಿಸುವಾಗ ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದೆ, ಅಳುತ್ತಿದ್ದೆ. ಅಮ್ಮ ಹೋದ ಮೇಲೆ ನನಗೆ ಬೇರೆ ಯಾರುಂಟು? ಕೆಳಗಿನ ಮನೆಯ ಸುಹರಾ ಮೆಟ್ಟಿಲಲ್ಲಿ ಸಿಕ್ಕಿದರೆ ಊಟ ಆಯ್ತಾ ಕೇಳುತ್ತಾಳೆ, ಅಷ್ಟೇ. ಕೆಲವು ದಿನ ಅದೊಂದೇ ಮಾತು. ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ ಅವನ ಹತ್ತಿರ ಮಾತಾಡಿದ್ದು. ಈಗ ಕೇಳುವವ ಇದ್ದಾನೆ ಎಂದು ಗೊತ್ತಾದ ಮೇಲೆ ನನಗೆ ಸಂಕೋಚ, ನೋಡು. ಮತ್ತೆ ಯೋಚನೆ ಬಂತು, ನಾನಾದರೂ ಹೇಳಿಕೊಂಡೆ. ಅವನು ಒಳಗೆ ಒಬ್ಬನೇ ನನ್ನನ್ನು ಎಷ್ಟು ಸಲ ಕರೆದಿದ್ದಾನೋ. ಹತ್ತಿರ ಹೋಗಿ "ರೋಷನ್, ನಾನು" ಎಂದೆ. ಅಷ್ಟಕ್ಕೇ ಅಳು ಬಂತು.

ಅವನನ್ನು ಬಿಡಲಿಕ್ಕೆ ನೀನು ನೋಡಿಟ್ಟ ಕೇರ್ ಹೋಮಿಗೆ ಫೋನ್ ಮಾಡಿ ಬೇಡ ಎಂದಿದ್ದೇನೆ. ನಿನ್ನನ್ನು ಕೇಳದೆ ಮಾಡಿದೆ, ಬೈಯಬೇಡ ಮಾರಾಯ. ಹಗಲಿಗೆ ಒಬ್ಬಳು ಆಯಾ ಸಿಕ್ಕಿದರೆ ನಾನು ಬಲ್ಮಠದ ಆಫೀಸಿಗೆ ಅರ್ಧ ದಿನವಾದರೂ ಹೋಗಬಹುದು. ಅತ್ತಿಗೆಗೆ, ಮಕ್ಕಳಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ದೀಕ್ಷಿತಾ

ಇನ್ನೊಂದು: ಸುಹರಾಳ ಗಂಡ ಕಬೀರ್ ಮಸ್ಕತ್ತಿಗೆ ಹೊರಟಿದ್ದಾನೆ, ಕಾಗದ ಅವನ ಕೈಯಲ್ಲೇ. ಕೆಳಗೆ ಟ್ಯಾಕ್ಸಿ ಬಂದಾಯ್ತು, ಬೇಗ ಬರೀತೇನೆ. ಕಳೆದ ಸಲ ಹೊರಡುವಾಗ ನೀನು ರೋಷನನ ಮಂಚದ ಹತ್ತಿರವೇ ನಿಂತು ನನಗೆ ಹೇಳಿದೆ, "ಇವ ಹೋಗಿ ಆಯ್ತು ದೀಕ್ಷೀ, ಇದು ಬರೀ ಮೈ." ನನ್ನ ಮೇಲಿನ ಪ್ರೀತಿಯಿಂದ ಹೇಳಿದ್ದು, ನನಗೆ ಗೊತ್ತುಂಟು. ಆದರೆ ಅಣ್ಣ, ಅದೂ ಅವನಿಗೆ ಕೇಳಿರಬಹುದು. ನಾನು ಎಷ್ಟು ಸಮಾಧಾನ ಹೇಳಿದರೂ ಅದು ನಿನ್ನ ಬಾಯಿಂದ ಬಂದ ಮಾತು. ಫೋನಿನಲ್ಲಿ ಬೇಡ. ರಜೆ ಕೇಳಿ ಬಾ. ನೀನು ಅವನ ಹತ್ತಿರ ಮಾತಾಡಿ ಮುಗಿಸುವವರೆಗೆ ನಾನು ಹೊರಗೆ ಇರುತ್ತೇನೆ.