ನನ್ನ ತಂಗಿ ಅಷ್ಟೊಂದು ಒಳ್ಳೆಯವಳಲ್ಲ

ಮೌಲ್ಯ ನಿರ್ಧಾರ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನೀವು ಮಂಜೂರು ಮಾಡಿದ ಗಾಲಿಕುರ್ಚಿ ನನ್ನ ತಂಗಿಯನ್ನು ಲಿಫ್ಟಿನೊಳಗೆ ಹೋಗಲು ಬಿಡುತ್ತಿಲ್ಲ. ಕುರ್ಚಿ ಕೆಟ್ಟಿಲ್ಲ. ಕೆಟ್ಟಿದ್ದರೆ ರಿಪೇರಿಯವನನ್ನು ಕರೆಸುತ್ತಿದ್ದೆ, ನಿಮ್ಮ ತಂಟೆಗೆ ಬರುತ್ತಿರಲಿಲ್ಲ. ಅದು ತಾನೇ ಯೋಚಿಸಿ, ತಾನೇ ನಿರ್ಧರಿಸಿ, ಲಿಫ್ಟಿನ ಮುಂದೆ ನಿಂತು ಬಂದವರಿಗೆಲ್ಲ ದಾರಿ ಬಿಡುತ್ತದೆ. ನಿಮ್ಮ ದಾಖಲೆಯ ಪ್ರಕಾರ ಅದೇ ನನ್ನ ತಂಗಿಯ ‘ಮೂಲಭೂತ ಮೌಲ್ಯ’ವಂತೆ!

ಅವಳು ಆಸ್ಪತ್ರೆಯೊಂದರ ಏಳನೇ ಮಹಡಿಯಲ್ಲಿ ಕಿವಿ ಪರೀಕ್ಷೆ ಮಾಡುತ್ತಾಳೆ. ಕಾಲಿನಲ್ಲಿ ಬಲವಿಲ್ಲ. ಕೈಯಿಂದ ಉರುಳಿಸುವ ಹಳೆಯ ಕುರ್ಚಿಯನ್ನು ನೀವು ವಾಪಸು ಪಡೆದು ಈ ಬುದ್ಧಿವಂತ ಕುರ್ಚಿಯನ್ನು ಕೊಟ್ಟಿರಿ. ಮೊದಲ ತಿಂಗಳು ಕಲಿಕೆಯ ಅವಧಿ. ಜೋಡಿಸಲು ಬಂದ ನಿಮ್ಮ ತಂತ್ರಜ್ಞ, “ಇದು ನಿಮ್ಮನ್ನ ನೋಡ್ತಾ ಇರುತ್ತೆ ಮೇಡಂ, ನೀವು ಎಂಥವರು ಅಂತ ಕಲ್ಕೊಳ್ಳುತ್ತೆ” ಎಂದು ಹೇಳಿ ಹೋದ. ಸ್ವಾಮಿ, ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಯಾರು ತಾನೇ ತಮ್ಮ ನಿಜವಾದ ಮುಖ ತೋರಿಸುತ್ತಾರೆ? ಕಿಟಕಿ ಪಕ್ಕದ ಜಾಗಕ್ಕೆ ಇವತ್ತಿಗೂ ನನ್ನ ಜೊತೆ ಜಗಳ ಕಾಯುವ ಹುಡುಗಿ, ದಾರಿಹೋಕರಿಗೆಲ್ಲ “ನೀವು ಮೊದ್ಲು ಹೋಗಿ, ನಂಗೇನು ಅವಸರ ಇಲ್ಲ” ಎನ್ನತೊಡಗಿದಳು.

“ಏನೇ ಇದು, ಎಲ್ಲಿಂದ ಬಂತೇ ನಿಂಗೆ ಇಷ್ಟೊಂದು ವಿನಯ?” ಎಂದು ನಕ್ಕೆ.

“ಸುಮ್ನಿರೇ ಅಕ್ಕ, ಅದು ಕೇಳಿಸ್ಕೊಳ್ತಿದೆ” ಎಂದು ಪಿಸುಗುಟ್ಟಿದಳು.

ಅವಳನ್ನು ಬೈಯಲಾರೆ. ನಾನು ಬಸ್ ಕಂಡಕ್ಟರ್. ತಪಾಸಣೆಯವರು ಹತ್ತಿದ ದಿನ ನನ್ನ ಬಾಯಲ್ಲಿ ಬೆಣ್ಣೆಯಂಥ ಮಾತು. ಅವರು ಇಳಿದ ಮೇಲೆ ನನ್ನ ಗಂಟಲನ್ನು ನೀವೊಮ್ಮೆ ಕೇಳಬೇಕು. ಆ ಒಂದು ದಿನ ನೋಡಿ ನನ್ನನ್ನು ಸಂತಳೆಂದು ಬರೆದುಕೊಂಡರೆ ತಪ್ಪು ಯಾರದು?

ಕಳೆದ ವಾರ ರಜೆ ಹಾಕಿ ಅವಳ ಜೊತೆ ಹೋದೆ. ಆಸ್ಪತ್ರೆಯ ಲಿಫ್ಟು, ಬರುವವರಿಗೆ ಕೊನೆಯುಂಟೇ? ಒಬ್ಬರು ಒಳಗೆ ಹೋದರೆ ಮತ್ತೊಬ್ಬರು ಓಡಿ ಬರುತ್ತಾರೆ, ಕುರ್ಚಿ ಅವರಿಗೂ ಸರಿದು ನಿಲ್ಲುತ್ತದೆ. “ನಡಿ” ಎಂದು ತಂಗಿ ಕಿರುಚಿದಳು. “ನಿಮ್ಮ ಕ್ಷಣಿಕ ಆತುರಕ್ಕಿಂತ ನಿಮ್ಮ ನೈಜ ಮೌಲ್ಯಕ್ಕೆ ಆದ್ಯತೆ ನೀಡಲಾಗಿದೆ” ಎಂದಿತು ಅದು, ಸಭೆಯಲ್ಲಿ ಸ್ವಾಗತ ಭಾಷಣ ಮಾಡುವವರ ದನಿಯಲ್ಲಿ. ನಾನು ಹಿಂದಿನಿಂದ ತಳ್ಳಿದೆ. ಬಲಪ್ರಯೋಗ ಎಂದು ಚಕ್ರ ಬಿಗಿದುಕೊಂಡಿತು. ಕಾಫಿ ಲೋಟ ಹಿಡಿದು ಒಳಹೊಕ್ಕ ಹೆಂಗಸೊಬ್ಬರು, “ಪಾಪ, ಎಷ್ಟು ಒಳ್ಳೆಯವ್ರು!” ಎಂದರು.

“ನಾನು ಒಳ್ಳೆಯವಳಲ್ಲ ಕಣ್ರೀ, ನನ್ನನ್ನ ಒಳಗೆ ಬಿಡ್ರೀ!” ಎಂದು ತಂಗಿ ಅತ್ತೇಬಿಟ್ಟಳು. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅವಳು ಹಾಗೆ ಅತ್ತದ್ದನ್ನು ನಾನು ಎಂದೂ ನೋಡಿರಲಿಲ್ಲ.

ಮೇಲೆ ಕಿವಿ ಕೇಳದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ತಾಯಂದಿರು ಕಾಯುತ್ತಿರುತ್ತಾರೆ. ಅವರನ್ನು ಕಾಯಿಸುವುದು ಯಾವ ಮೌಲ್ಯದ ಲೆಕ್ಕಕ್ಕೆ ಬರುತ್ತದೆ? ಹೋಗಲಿ, ಯಾರೂ ಕಾಯುತ್ತಿಲ್ಲ ಎಂದೇ ಇಟ್ಟುಕೊಳ್ಳಿ. ಬೇಗ ಹೋಗಿ ತನ್ನ ಪಾಡಿಗೆ ಕೂತು ಒಂದು ಲೋಟ ಕಾಫಿ ಕುಡಿಯುವ ಆಸೆ ಅವಳಿಗೂ ಇರಬಾರದೇ? ಗಾಲಿಕುರ್ಚಿಯಲ್ಲಿ ಕೂತವರು ಸದಾ ತ್ಯಾಗಮಯಿಗಳಾಗಿರಬೇಕೆಂದು ಯಾರು ಕಾನೂನು ಮಾಡಿದರು? ದಿನವೂ ತಡವಾಗಿ ಅವಳ ಕೆಲಸಕ್ಕೇ ಕುತ್ತು ಬಂದಿದೆ. “ಈ ತಿಂಗಳಲ್ಲಿ ಹೀಗೇ ಆದ್ರೆ ಬೇರೆಯವ್ರನ್ನ ನೋಡ್ಕೋಬೇಕಾಗುತ್ತಮ್ಮ” ಎಂದು ಅವಳ ಮೇಲಧಿಕಾರಿ ವೈದ್ಯರು ಹೇಳಿಬಿಟ್ಟಿದ್ದಾರೆ. ಅವರು ಕೆಟ್ಟವರೇನಲ್ಲ, ಅವರಿಗೂ ಸಾಕಾಗಿದೆ.

ನಿಮ್ಮ ಕಚೇರಿಗೆ ಬಂದೆವು. “ಇಷ್ಟ ಬದಲಾಗುತ್ತೆ ಮೇಡಂ, ಮೌಲ್ಯ ಬದಲಾಗಲ್ಲ” ಎಂದು ಕೌಂಟರಿನವರು ಪಾಠ ಮಾಡಿದರು. ಕೊನೆಗೆ ಮರುಪರಿಶೀಲನೆಗೆ ತಂಗಿಯಿಂದ ಅರ್ಜಿ ಬರೆಸಿಕೊಂಡರು. ಉತ್ತರವಿಲ್ಲ. ನಿನ್ನೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡಾಗ ಗುಮಾಸ್ತರು ತಣ್ಣಗೆ ಹೇಳಿದರು:

“ಅರ್ಜಿಗಳ ಸರದೀನೂ ಯಂತ್ರಾನೇ ನೋಡ್ಕೊಳ್ಳೋದಮ್ಮ. ನಿಮ್ಮ ತಂಗಿಯವ್ರ ಮೌಲ್ಯ ಅದಕ್ಕೂ ಗೊತ್ತಲ್ಲ. ಹೊಸ ಅರ್ಜಿ ಬಂದಾಗೆಲ್ಲ ಇವರದು ಹಿಂದೆ ಸರೀತಿದೆ.”

ಫೋನಿಟ್ಟೆ. ತಂಗಿ “ಏನಂದ್ರೇ?” ಎಂದು ಕೇಳಿದಳು, ನಾನು ಕಾಗದ ಪೆನ್ನು ತೆಗೆದುಕೊಂಡೆ.

ಆದ್ದರಿಂದ ಈ ಬಹಿರಂಗ ಪತ್ರವನ್ನು ಪತ್ರಿಕೆಗೆ ಕೊಟ್ಟು ಕೇಳುತ್ತಿದ್ದೇನೆ. ರಕ್ತಮಾಂಸವಿರುವ ಒಬ್ಬ ಅಧಿಕಾರಿಯನ್ನು ಸೋಮವಾರ ಬೆಳಿಗ್ಗೆ ಆ ಲಿಫ್ಟಿನ ಹತ್ತಿರ ಕಳಿಸಿ. ಕುರ್ಚಿಯ ಕಣ್ಣು ಕಿವಿ ಮುಚ್ಚಿಸಿ, “ನಿನಗೇನು ಬೇಕಮ್ಮ?” ಎಂದು ಅವಳನ್ನೇ ಕೇಳಲಿ. ಅವಳು ಹೇಳಿದ್ದನ್ನು ನಂಬಲಿ. ಅಂದಿನಿಂದ ಅವಳು “ನಡಿ” ಎಂದರೆ ಆ ಕುರ್ಚಿ ನಡೆಯಬೇಕು, ಅವಳು ಎಂಥವಳೇ ಆಗಿರಲಿ.

ಇಂತಿ,
ತನ್ನ ಮೌಲ್ಯವನ್ನು ನಿಮ್ಮ ಯಂತ್ರ ಇನ್ನೂ ಅಳೆಯದ ಕಾರಣ
ತಂಗಿಯ ಪರವಾಗಿ ಈ ಪತ್ರವನ್ನು ತಾನೇ ಬರೆಯಬೇಕಾಗಿ ಬಂದ
ಅವಳ ಅಕ್ಕ