ಮಿನುಗುವ ಲೈಟು, ನಿನ್ನ ಕೀ ಗೊಂಚಲು

ಅಣ್ಣಾ,

ಕಾರಿನ ಡ್ಯಾಶ್‌ಬೋರ್ಡ್ ಲೈಟು ಯಾಕೆ ಮಿನುಗುತ್ತದೋ ನನಗಿನ್ನೂ ತಿಳಿದಿಲ್ಲ. ಬ್ಯಾಟರಿ, ಫ್ಯೂಸು, ವೈರು ಎಲ್ಲ ನೋಡಿದೆ, ಸರಿಯಾಗಿವೆ. ನಾನು ಓಡಿಸಿದರೆ ಮಿನುಗುವುದಿಲ್ಲ, ನೀನು ಓಡಿಸಿದರೆ ಮಿನುಗುತ್ತದೆ. "ನಿನ್ನ ಕಂಡ್ರ ಕಾರಿಗೂ ಅಂಜಿಕಿ" ಅಂತ ನಗಬೇಡ. ನಾನು ಹಾಕುವುದು ಒಂಟಿ ಕೀ, ನಿನ್ನದು ದೊಡ್ಡ ಗೊಂಚಲು. ಆ ಭಾರಕ್ಕೆ ಕೀ ತಿರುಗಿಸುವ ಸ್ವಿಚ್ಚು ಸಡಿಲವಾಗಿರಬಹುದೇ? ಗೊಂಚಲು ಹಾಕಿ ನೋಡಿದೆ, ಮಿನುಗಿತು. ಇನ್ನೊಮ್ಮೆ ಹಾಕಿದರೆ ಮಿನುಗಲಿಲ್ಲ. ತಲೆ ಕೆಟ್ಟುಹೋಗಿದೆ.

ಇವತ್ತು ಹಲಸೂರಿನ ಆಸ್ಪತ್ರೆಯಿಂದ ವೈನಿಯನ್ನೂ ಕೂಸನ್ನೂ ಕರೆತರಲು ಒಂಟಿ ಕೀಯನ್ನೇ ಒಯ್ಯಿ. ಆಗಲೂ ಮಿನುಗಿದರೆ ಕಾರು ಅಲ್ಲೇ ಬಿಟ್ಟು ಆಟೊದಲ್ಲಿ ಬನ್ನಿ.

ಗೊಂಚಲು ಮೊಳೆಗೆ ಹಾಕಿದ್ದೇನೆ. ಅಪ್ಪ ಹೋದಮೇಲೆ ಮಾರಿದ ಸ್ಕೂಟರಿನ ಕೀ ಇನ್ನೂ ಅದರಲ್ಲೇ ಇದೆ. ಅದನ್ನಾದರೂ ತೆಗೆದು ಹಗುರ ಮಾಡೋಣವೆಂದುಕೊಂಡೆ, ಕೈಯೇ ಬರಲಿಲ್ಲ.

ಗಂಗಾ